ಬೆನ್ನ ಹಿಂದಿನ ಕೂಗು

ಚನ್ನಪ್ಪ ಅವತ್ತು ನಿಮಗೆ ಹೇಳಿದ್ದು ಸುಳ್ಳು, ನಾಗವೇಣಕ್ಕ. ಆ ಸುಳ್ಳನ್ನು ಅವನ ಬಾಯಿಗೆ ಇಟ್ಟವನು ನಾನು — ನಿಮ್ಮ ಬೆನ್ನ ಹಿಂದೆ, ನಿಮ್ಮಿಂದ ಎರಡು ಮಾರು ದೂರದಲ್ಲಿ ನಿಂತು, ಒಂದಿಷ್ಟೂ ಸಪ್ಪಳ ಮಾಡದೆ. ನೀವು ತಿರುಗಿ ನೋಡಿದ್ದರೆ ನನ್ನ ತುಟಿ ಅಲ್ಲಾಡುವುದು ಕಾಣುತ್ತಿತ್ತು. ನೀವು ತಿರುಗುವುದಿಲ್ಲ ಎಂದು ನನಗೆ ಗೊತ್ತಿತ್ತು.

ನನ್ನ ನೆನಪು ನಿಮಗಿರಲಿಕ್ಕಿಲ್ಲ. ಬನಹಟ್ಟಿಯ ಬಸ್ ನಿಲ್ದಾಣದಿಂದ ಮಗ್ಗದ ಮನೆಯವರೆಗೆ ನಿಮ್ಮ ಚೀಲ ಹೊತ್ತು ನಡೆದ ಕಡ್ಡಿಯಂಥ ಹುಡುಗ. ಹೆಸರು ಮಲ್ಲಿಕಾರ್ಜುನ, ಊರವರ ಬಾಯಲ್ಲಿ ಮಿಮಿಕ್ರಿ ಮಲ್ಲ್ಯಾ. ದಾರಿಯಲ್ಲಿ ಒಮ್ಮೆ ಕಂಡಕ್ಟರನ ದನಿ ತೆಗೆದು ನಿಮ್ಮನ್ನು ನಗಿಸಲು ನೋಡಿದೆ. ಸತ್ತ ತಮ್ಮನ ಫೋಟೋ ಹಿಡಿದು ಹೊನ್ನಾವರದ ಕಡೆಯಿಂದ ಮೂರು ಬಸ್ಸು ಬದಲಿಸಿ ಬಂದ ಹೆಂಗಸಿನ ಮುಂದೆ ಕಂಡಕ್ಟರನ ದನಿ ತೆಗೆಯುವವನು ಎಂಥವನು — ನೀವು ಆಗಲೇ ಚೀಲ ಕಸಿದುಕೊಂಡು ಬೇರೆ ಯಾರನ್ನಾದರೂ ದಾರಿ ಕೇಳಬೇಕಿತ್ತು.

ನಾನು ಎಲ್ಲರ ದನಿಯನ್ನೂ ತೆಗೆಯುತ್ತೇನೆ. ಹೆಡ್‌ಮಾಸ್ತರರದು, ಎಮ್ಮೆಯದು, ಎಮ್ಮೆಯ ಹಿಂದೆ ಹೋಗುವ ಹೆಡ್‌ಮಾಸ್ತರರದು. ನನ್ನ ಸ್ವಂತ ದನಿ ಯಾವುದೆಂದು ಕೇಳಿದರೆ ಮಾತ್ರ ತಡವರಿಸುತ್ತೇನೆ. ಇದನ್ನು ಆದಷ್ಟೂ ಅದರಲ್ಲೇ ಬರೆಯಲು ನೋಡುತ್ತಿದ್ದೇನೆ — ಅದು ಇದ್ದರೆ.

ಮೊದಲು ನಿಮಗೆ ಮಗ್ಗದ ಮನೆ ಗೊತ್ತಾಗಬೇಕು. ನೀವು ಬಂದಾಗ ಮಗ್ಗ ನಿಲ್ಲಿಸಿದ್ದರು, ಹಾಗಾಗಿ ನಿಮಗೆ ತಿಳಿಯಲಿಲ್ಲ. ಹನ್ನೆರಡು ಪವರ್‌ಲೂಮು ಒಂದೇ ತಗಡಿನ ಸೂರಿನಡಿ ಬಡಿಯಲು ಹತ್ತಿದರೆ ಪಕ್ಕದವನ ಕಿವಿಯಲ್ಲಿ ಕಿರುಚಿದರೂ ಕೇಳಿಸುವುದಿಲ್ಲ. ಅಲ್ಲಿ ಮಾತು ದನಿಯಿಂದಲ್ಲ, ತುಟಿಯಿಂದ. ಆ ತುದಿಯಲ್ಲಿದ್ದವನು ತುಟಿ ಆಡಿಸಿದರೆ ಈ ತುದಿಯವನಿಗೆ ಚಹಾ ಬಂತೋ, ನೂಲು ಕಡಿಯಿತೋ, ಯಾರ ಮಗಳ ಲಗ್ನ ಮುರಿಯಿತೋ ಎಲ್ಲವೂ ತಿಳಿಯುತ್ತದೆ. ಅಲ್ಲಿ ಒಂದು ಕಟ್ಟಳೆಯುಂಟು: ಹಿಂದಿನಿಂದ ಯಾರೂ ಯಾರನ್ನೂ ಕರೆಯುವುದಿಲ್ಲ. ಕರೆದು ಫಲವಿಲ್ಲ. ಹಾಳು ನೂಲಿನದೊಂದು ಉಂಡೆ ಮಾಡಿ ಬೆನ್ನಿಗೆ ಎಸೆಯಬೇಕು. ಉಂಡೆ ಬಿತ್ತೆಂದರೆ ತಿರುಗಬೇಕು. ಅಪ್ಪ ಎಸೆದರೂ ಅಷ್ಟೇ, ಮಾಲೀಕ ಎಸೆದರೂ ಅಷ್ಟೇ.

ಚನ್ನಪ್ಪ ಆ ಸೂರಿನಡಿಯೇ ತೊಟ್ಟಿಲಲ್ಲಿ ಮಲಗಿದವನು. ಹದಿನೆಂಟು ತುಂಬುವುದರೊಳಗೆ ಅವನ ಎಡಗಿವಿ ಹೋಗಿತ್ತು, ಬಲಗಿವಿಯಲ್ಲಿ ಉಳಿದದ್ದು ಅಲ್ಪಸ್ವಲ್ಪ. ಅದನ್ನು ಯಾರೂ ಕಿವುಡು ಎನ್ನುತ್ತಿರಲಿಲ್ಲ. ನಮ್ಮ ಓಣಿಯಲ್ಲಿ ಯಾರ ಕಿವಿ ಪೂರ್ತಿ ಇದೆ ಎಂದು ಕೇಳಿದರೆ ನಗುತ್ತಾರೆ. ಅವನ ಅಪ್ಪ ಈರಪ್ಪ ಕಾಕಾನಿಗೆ ಸಿಡಿಲು ಬಡಿದರೂ ಕಂಡರಷ್ಟೇ ಗೊತ್ತು. ನಮ್ಮ ಮನೆಯದು ಬೇರೆ ಕಥೆ. ಅಪ್ಪ ಸಾಲಿ ಮಾಸ್ತರ, ಹಾಗಾಗಿ ನನ್ನ ಕಿವಿಗಳು ಇನ್ನೂ ಹೊಸದಾಗಿಯೇ ಇವೆ. ಆದರೆ ಸಾಲಿ ಬಿಟ್ಟ ಮೇಲೆ ನಾನು ಚನ್ನಪ್ಪನ ಮಗ್ಗದ ಮನೆಯಲ್ಲೇ ಬಿದ್ದಿರುತ್ತಿದ್ದೆ. ತುಟಿಮಾತು ಕಲಿತೆ. ಹುಟ್ಟಾ ನಕಲಿ ನಾನು — ಅದರಲ್ಲೂ ನಕಲು ಮಾಡತೊಡಗಿದೆ. ದನಿಯಿಲ್ಲದೆಯೇ, ಬರೀ ತುಟಿಯಲ್ಲಿ, ಮಾಲೀಕರ ತೊದಲು ತೆಗೆಯುತ್ತಿದ್ದೆ. ಹನ್ನೆರಡು ಮಗ್ಗದವರೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು.

ಇಪ್ಪತ್ತನೆಯ ವಯಸ್ಸಿನಲ್ಲಿ ನಾವಿಬ್ಬರೂ ಭರ್ತಿಗೆ ಹೋದೆವು. ಕಡಲ ಗಡಿ ಕಾಯುವ ಪಡೆಯದು. ಅದರ ಹೆಸರು ನಿಮಗೆ ಗೊತ್ತು, ಇಲ್ಲಿ ಬೇಡ. ತಪ್ಪು ಅದರದಲ್ಲ. ಕೃಷ್ಣೆಯನ್ನು ಬಿಟ್ಟರೆ ನೀರು ಕಾಣದ ನಾವು ಸಮುದ್ರ ಕಾಯಲು ಹೊರಟಿದ್ದೆವು. ನನ್ನನ್ನು ಮೊದಲ ದಿನವೇ ಹೊರಗೆ ಹಾಕಿದರು. ತಿಮ್ಮಾಪುರದ ಮುಧೋಳ ನಾಯಿಗೂ ನನಗೂ ಎದೆಗೂಡು ಒಂದೇ ನಮೂನೆ, ಆದರೆ ಆ ನಾಯಿ ಓಡುತ್ತದೆ. ಚನ್ನಪ್ಪ ಓಟ ಗೆದ್ದ, ಬರೆಯುವ ಪರೀಕ್ಷೆಯನ್ನೂ ದಾಟಿದ. ಉಳಿದದ್ದು ವೈದ್ಯರ ತಪಾಸಣೆ.

"ಲೇ ಮಲ್ಲ್ಯಾ, ಕಿವಿ ನೋಡ್ತಾರಂತಲೋ," ಎಂದ. ಮುಖ ಬಿಳಿಚಿತ್ತು.

"ನೋಡಲಿ. ಚಂದ ಅದಾವ ನಿನ್ನ ಕಿವಿ."

"ಚಾಷ್ಟಿ ಬ್ಯಾಡೋ. ಹಿಂದ ನಿಂತು ಸಣ್ಣ ದನಿಲೆ ಮಾತಾಡ್ತಾರಂತ. ಅದನ್ನ ತಿರುಗಿ ಹೇಳಬೇಕಂತ. ನಾ ಸತ್ತೆ."

"ನಿನ್ನ ಮುಂದ ಏನಿರ್ತೈತಿ?"

"ಗ್ವಾಡಿ. ಒಂದು ಕಿಟಕಿ ಐತಿ."

"ಹಂಗಾದ್ರ ಕಿಟಕಿ ನೋಡ. ನಿನ್ನ ಕಿವಿ ಅಲ್ಲಿ ನಿಂತಿರ್ತೈತಿ."

ನಿಂತೆ. ಕಿಟಕಿಯ ಸರಳುಗಳ ಹೊರಗೆ, ನೀರಿನ ಕೊಡದ ಪಕ್ಕ. ಚನ್ನಪ್ಪ ಒಂದು ಕಿವಿಯನ್ನು ಅಂಗೈಯಿಂದ ಮುಚ್ಚಿಕೊಂಡು ನನ್ನ ಕಡೆ ಮುಖ ಮಾಡಿ ನಿಂತಿದ್ದ. ಅವನ ಹಿಂದೆ ದೂರದಲ್ಲಿ ಬೆಳಗಿನಿಂದ ನೂರು ಕಿವಿ ನೋಡಿ ದಣಿದ ವೈದ್ಯರು, ಕಣ್ಣು ಕಾಗದದ ಮೇಲೆ. ಅವರು ಒಂದು ಅಂಕಿ ಹೇಳಿದರು, ನನ್ನ ತುಟಿ ಅದನ್ನೇ ಆಡಿತು, ಚನ್ನಪ್ಪ ಅದನ್ನೇ ಹೇಳಿದ. ಊರ ಹೆಸರು, ಮತ್ತೊಂದು ಅಂಕಿ. ನಡುವೆ ವೈದ್ಯರು ಕೆಮ್ಮಿದರು — ನಾನೆಂಥ ಮನುಷ್ಯ ನೋಡಿ — ತಡೆಯಲಾರದೆ ಆ ಕೆಮ್ಮನ್ನೂ ತುಟಿಯಲ್ಲಿ ತೆಗೆದೆ. ಚನ್ನಪ್ಪ ವಿಧೇಯನಾಗಿ ಕೆಮ್ಮಿದ. ವೈದ್ಯರು ನಕ್ಕು, "ಅದನ್ನು ಹೇಳುವುದು ಬೇಡಪ್ಪ," ಎಂದು ಸಹಿ ಹಾಕಿದರು.

ಆ ಕೆಮ್ಮಿನ ಕಥೆಯನ್ನು ನೆನೆದು ನಾನು ಎಷ್ಟು ವರ್ಷ ಒಬ್ಬನೇ ನಕ್ಕಿದ್ದೇನೆ. ಯಾರಿಗೂ ಹೇಳುವಂತಿರಲಿಲ್ಲ, ಯಾಕೆಂದರೆ ಬರುವ ದಾರಿಯಲ್ಲಿ ಅವನಿಂದ ಆಣೆ ಮಾಡಿಸಿಕೊಂಡಿದ್ದೆ. "ಇದು ಹೊರಗ ಬಿತ್ತಂದ್ರ ನನ್ನೂ ಒಳಗ ಹಾಕ್ತಾರ. ನನ್ನ ಮ್ಯಾಲ ಆಣಿ ಮಾಡ, ಯಾರ ಮುಂದೂ ಬಾಯಿ ಬಿಡಂಗಿಲ್ಲಂತ." ಅವನು ನನ್ನ ತಲೆಯ ಮೇಲೆ ಕೈಯಿಟ್ಟ.

ನಾವು ಹೀಗೇಕೆ ಮಾಡಿದೆವು ಎಂದು ನೀವು ಕೇಳಬಹುದು. ಕಿವಿ ಕೇಳದವನನ್ನು ಕಡಲಿಗೆ ಕಳಿಸುವಾಗ ಹೆದರಿಕೆಯಾಗಲಿಲ್ಲವೇ ಎಂದು. ಖರೆ ಹೇಳಬೇಕೆಂದರೆ — ಇಲ್ಲ. ಗದ್ದಲದಲ್ಲಿ ಚನ್ನಪ್ಪನಷ್ಟು ಚೆನ್ನಾಗಿ ಮಾತು ಹಿಡಿಯುವವನನ್ನು ನಾನು ನೋಡಿರಲಿಲ್ಲ. ದೋಣಿಯಲ್ಲಿ ಇಂಜಿನ್ನಿರುತ್ತದೆ, ಇಂಜಿನ್ನೆಂದರೆ ಮಗ್ಗ, ಮಗ್ಗವೆಂದರೆ ಅವನ ಮನೆ. ಹಾಗೆಂದೇ ಲೆಕ್ಕ ಹಾಕಿದ್ದೆವು. ಜಗತ್ತಿನಲ್ಲಿ ಜನ ಹಿಂದಿನಿಂದಲೂ ಕೂಗುತ್ತಾರೆ ಎಂಬುದು ನಮ್ಮ ಓಣಿಯ ತಲೆಗೆ ಹೊಳೆಯಲೇ ಇಲ್ಲ.

ಅವನು ಫೋನು ಮಾಡುತ್ತಿರಲಿಲ್ಲ, ಫೋನಿನಲ್ಲಿ ತುಟಿ ಕಾಣುವುದಿಲ್ಲವಲ್ಲ. ಪತ್ರ ಬರೆಯುತ್ತಿದ್ದ. ಬೂದು ಬಣ್ಣದ ಗಸ್ತು ದೋಣಿ, ಮೂಗಿನ ಮೇಲೊಂದು ತುಪಾಕಿ, ನೆತ್ತಿಯ ಮೇಲೆ ತಿರುಗುವ ರಡಾರು. ಗಡಿಯ ಕಡೆಯಿಂದ ಗುರುತಿಲ್ಲದ ದೋಣಿ ಬಂದರೆ ಅಡ್ಡಗಟ್ಟುವುದು, ಪಕ್ಕಕ್ಕೆ ತಂದು ಹಗ್ಗ ಹಾಕುವುದು, ಒಬ್ಬಿಬ್ಬರು ಅದರೊಳಗೆ ದಾಟಿ ಬಲೆ, ಮೀನು, ಮಂಜುಗಡ್ಡೆ ಎಲ್ಲ ಕೆದಕಿ ನೋಡುವುದು. "ಇಲ್ಲಿ ಇಂಜಿನ್ ಸಪ್ಪಳಕ್ಕ ಯಾರಿಗೂ ಏನೂ ಕೇಳಂಗಿಲ್ಲ," ಎಂದು ಬರೆದಿದ್ದ, "ನನಗೊಬ್ಬಗ ಎಲ್ಲಾ ತಿಳೀತೈತಿ. ಸಾಹೇಬರು ಶಾಣ್ಯಾ ಅದಿ ಅಂದರು." ಮತ್ತೊಂದು ಪತ್ರದಲ್ಲಿ ನಿಮ್ಮ ತಮ್ಮ ರಾಘು ಬಂದಿದ್ದ. "ನನ್ನ ಬಾಜೂಕ ಮಲಗೂ ಹುಡುಗ ಹೊನ್ನಾವರದ ಕಡಿಯವ. ಬಾಳ ಮಾತಾಡ್ತಾನ. ಛಲೋ ಆತು, ಮಾತಾಡೂ ಮುಂದ ಮುಖದ ಮುಂದ ಬಂದು ಮಾತಾಡ್ತಾನ."

ಆಮೇಲೆ ಆದದ್ದು ನಿಮಗೆ ಗೊತ್ತು. ಗೊತ್ತಿರುವುದು ಅರ್ಧ. ಅಲೆ ಎದ್ದಿತ್ತು. ಒಂದು ಮೀನಿನ ದೋಣಿಯನ್ನು ಪಕ್ಕಕ್ಕೆ ತಂದಿದ್ದರು. ಚನ್ನಪ್ಪ ಮುಂಭಾಗದಲ್ಲಿ, ಗೂಟಕ್ಕೆ ಸುತ್ತಿದ ಹಗ್ಗದ ತುದಿ ಹಿಡಿದು, ಕಣ್ಣು ಹಗ್ಗದ ಮೇಲಿಟ್ಟು ಕುಳಿತಿದ್ದ. ರಾಘು ಆ ದೋಣಿಗೆ ದಾಟುತ್ತಿದ್ದ. ಅಲೆಯೊಂದು ಎರಡೂ ದೋಣಿಗಳನ್ನು ಎತ್ತಿ ಒಂದನ್ನೊಂದರ ಮೇಲೆ ತಂದಿತು, ರಾಘುವಿನ ಕಾಲು ಜಾರಿತು. ಹಗ್ಗ ಬಿಟ್ಟಿದ್ದರೆ ದೋಣಿಗಳು ಬಿಡಿಸಿಕೊಳ್ಳುತ್ತಿದ್ದವು. ಚನ್ನಪ್ಪನ ಬೆನ್ನ ಹಿಂದಿನಿಂದ ಸಾಹೇಬರು ಕೂಗಿದರು: "ರಸ್ಸೀ ಛೋಡ್!" ಮೂರು ಸಲ. ಚನ್ನಪ್ಪ ಹಗ್ಗವನ್ನು ಇನ್ನಷ್ಟು ಬಿಗಿ ಹಿಡಿದ — ಬಿಗಿ ಹಿಡಿಯುವುದೇ ಅವನಿಗೆ ಕೊಟ್ಟ ಕೊನೆಯ ಆಜ್ಞೆಯಾಗಿತ್ತು. ರಾಘು ಎರಡು ದೋಣಿಗಳ ನಡುವೆ — ಬೇಡ, ಅದನ್ನು ನಿಮಗೆ ನಾನು ಬರೆಯಬಾರದು.

ವಿಚಾರಣೆಯಲ್ಲಿ "ಕೇಳಿತ್ತೇ?" ಎಂದು ಕೇಳಿದರು. ಕೇಳಲಿಲ್ಲ ಎಂದರೆ ಕಿವಿ ನೋಡುತ್ತಾರೆ, ಕಿವಿ ನೋಡಿದರೆ ಭರ್ತಿ ಹೇಗಾಯಿತು ಎನ್ನುತ್ತಾರೆ, ಆಮೇಲೆ ಕಿಟಕಿ, ಕಿಟಕಿಯಾಚೆ ನಾನು. ಅವನು ಆಣೆ ಮಾಡಿದ್ದ. "ಕೇಳಿತ್ತು, ಕೈ ಬಿಡಲಿಲ್ಲ," ಎಂದ. ಆಜ್ಞೆ ಮೀರಿದ ಎಂದು ಮನೆಗೆ ಕಳಿಸಿದರು.

ನನಗೂ ಅವನು ಅದನ್ನೇ ಹೇಳಿದ. ನಾನು ನಂಬಿದೆ. ನಂಬುವುದು ನನಗೆ ಅನುಕೂಲವಾಗಿತ್ತು.

ಊರಲ್ಲಿ ಮಾತು ಹಬ್ಬಿತು: ಚನ್ನ್ಯಾ ಹಡಗಿನಲ್ಲಿ ಒಬ್ಬನನ್ನು ಕೊಂದು ಬಂದಾನ. ಸರಕಾರದವರೇ ಕಿವಿ ನೋಡಿ ತಗೊಂಡಿದ್ದರು, ಅವನೇ ಕೇಳಿತ್ತು ಎಂದಿದ್ದ; ಇನ್ನು ಕಿವಿಯ ಮಾತು ಯಾರು ಎತ್ತುತ್ತಾರೆ. ಈರಪ್ಪ ಕಾಕಾ ಮಗನ ಕಡೆ ಮುಖ ಮಾಡುವುದನ್ನೇ ಬಿಟ್ಟ. ತುಟಿಮಾತಿನ ಮನೆಯಲ್ಲಿ ಮುಖ ತಿರುಗಿಸುವುದೆಂದರೆ ಏನೆಂದು ನಿಮಗೆ ಹೇಗೆ ಹೇಳಲಿ. ಮಾತು ಬಿಟ್ಟಂತಲ್ಲ — ನಾಲಗೆ ಕಿತ್ತಂತೆ.

ಒಂದು ದಿನ ಚಹಾದಂಗಡಿಯಲ್ಲಿ ನಾಲ್ಕು ಜನ ನನ್ನನ್ನು ಎಬ್ಬಿಸಿದರು. "ಮಲ್ಲ್ಯಾ, ಆ ಬೋಟಿನ ಸಾಹೇಬಂದು ಒಂದ ಸಲ ತಗಿಯೋ." ಚನ್ನಪ್ಪ ಮುಂದಿನ ಬೆಂಚಿನಲ್ಲಿ, ನನಗೆ ಬೆನ್ನು ಮಾಡಿ, ಚಹಾ ಆರಿಸುತ್ತಿದ್ದ. ನಾನು ಆ ಸಾಹೇಬರನ್ನು ಕಂಡವನಲ್ಲ, ಆದರೂ ಎದ್ದು ನಿಂತು, ಎದೆಯಿಲ್ಲದ ಎದೆ ಉಬ್ಬಿಸಿ ಕೂಗಿದೆ. "ರಸ್ಸೀ ಛೋಡ್! ರಸ್ಸೀ ಛೋಡ್! ರಸ್ಸೀ ಛೋಡ್!" ಅಂಗಡಿಯ ತಗಡು ಅದುರಿತು. ಹಾದಿಯಲ್ಲಿದ್ದ ನಾಯಿ ಓಡಿತು. ಎಲ್ಲರೂ ನಕ್ಕರು.

ಚನ್ನಪ್ಪ ತಿರುಗಲಿಲ್ಲ. ನಾಚಿಕೆಯಿಂದ ಕೂತಿದ್ದಾನೆ ಎಂದುಕೊಂಡರು ಎಲ್ಲರೂ. ಅಷ್ಟರಲ್ಲಿ ಅವನು ತಲೆಯೆತ್ತಿ ಎದುರಿನವರು ನಗುವುದನ್ನು ನೋಡಿದ. ಯಾವುದೋ ಚಾಷ್ಟಿ ನಡೆದಿದೆ ಎಂದು ತಿಳಿದು, ತಾನೂ ನಕ್ಕ.

ಅವತ್ತು ತಿಳಿಯಿತು ನನಗೆ. ಅವನಿಗೆ ಕೇಳಿರಲಿಲ್ಲ. ಮೂರು ಸಲದಲ್ಲಿ ಒಂದು ಸಲವೂ.

ಎದ್ದು ಹೊರಗೆ ಹೋಗಿ ವಾಂತಿ ಮಾಡಿಕೊಂಡೆ ಎಂದು ಬರೆದರೆ ಚೆನ್ನಾಗಿರುತ್ತದೆ. ಮಾಡಿಕೊಳ್ಳಲಿಲ್ಲ. ಕುಳಿತು ಚಹಾ ಕುಡಿದೆ. ಇನ್ನೊಂದು ದನಿ ತೆಗೆಯೆಂದರು, ತೆಗೆದೆ.

ಅದಾದ ತಿಂಗಳಿಗೆ ನೀವು ಬಂದಿರಿ.

ಚನ್ನಪ್ಪ ಮಗ್ಗ ನಿಲ್ಲಿಸಿ ಎದುರು ನಿಂತ. ಮೂಲೆಯಲ್ಲಿ ಈರಪ್ಪ ಕಾಕಾ ಕಂಡಿಕೆಗೆ ನೂಲು ಸುತ್ತುತ್ತಿದ್ದ. ನೀವು ಫೋಟೋ ತೆಗೆದಿರಿ. ಗಸ್ತು ದೋಣಿಯ ಕಟಕಟೆಗೆ ಒರಗಿ ಇಬ್ಬರೂ, ರಾಘುವಿನ ಕೈ ಚನ್ನಪ್ಪನ ಹೆಗಲ ಮೇಲೆ. ನಿಮ್ಮ ಮಾತು ಒಂದೊಂದೂ ನನಗೆ ನೆನಪಿದೆ. ದನಿ ಸಮೇತ ನೆನಪಿದೆ, ಆದರೆ ಅದೊಂದನ್ನು ನಾನು ಯಾವತ್ತೂ ತೆಗೆದಿಲ್ಲ.

"ನಾನು ಬೈಯೂಕೆ ಬಂದದ್ದಲ್ಲ. ಒಂದೇ ಕೇಳೂಕೆ ಬಂದದ್ದು. ನನ್ನ ತಮ್ಮ ಬರೀತಿದ್ದ, ಚನ್ನ ಒಳ್ಳೆಯವ, ಆದ್ರೆ ಹಿಂದಿನಿಂದ ಕರೆದ್ರೆ ತಿರುಗೂದೇ ಇಲ್ಲ, ಭಾರೀ ಠೇಂಕಾರ, ನಾವು ಅವನನ್ನ ದೊರೆ ಹೇಳಿ ಕರೆಯೂದು ಅಂತ. ನಿಮ್ಮಿಬ್ಬರ ನಡುವೆ ಜಗಳ ಎಂತಾದ್ರೂ ಇತ್ತಾ? ಸಾಹೇಬ್ರು ಕೂಗಿದ್ದು ನಿನಗೆ ಕೇಳಿತ್ತಾ, ಇಲ್ಲವಾ? ಅಷ್ಟು ಹೇಳು, ಸಾಕು."

ನಿಮ್ಮ ಕೈಯಲ್ಲೇ ಉತ್ತರವಿತ್ತು, ಅಕ್ಕ. ನಿಮ್ಮ ತಮ್ಮನೇ ಬರೆದಿದ್ದ. ಹಿಂದಿನಿಂದ ಕರೆದರೆ ತಿರುಗುವುದಿಲ್ಲ — ಅದು ಠೇಂಕಾರವಾಗಿರಲಿಲ್ಲ.

ಚನ್ನಪ್ಪ ಬಾಯಿ ತೆರೆದ. ಅವನು ಖರೆ ಹೇಳುವವನಿದ್ದ. ಅವನ ಮುಖವನ್ನು ನಾನು ಚಿಕ್ಕಂದಿನಿಂದ ಓದಿದವನು. ಹೇಳುವ ಮೊದಲು ನಿಮ್ಮ ಹೆಗಲ ಮೇಲಿಂದ ನನ್ನನ್ನು ನೋಡಿದ. ಅಪ್ಪಣೆ ಕೇಳುವವನ ಹಾಗೆ.

ಅದೇ ವಾರ ನನ್ನ ಸರಕಾರಿ ನೌಕರಿಯ ಕಾಗದ ಬಂದಿತ್ತು. ಕೃಷ್ಣೆಯ ಬ್ಯಾರೇಜಿನಲ್ಲಿ ಕೆಲಸ. ಪೊಲೀಸ್ ಠಾಣೆಯಿಂದ ನನ್ನ ನಡತೆ ವಿಚಾರಿಸುವುದೊಂದು ಬಾಕಿಯಿತ್ತು. ಅಷ್ಟೇ. ಅದಕ್ಕಿಂತ ದೊಡ್ಡ ಕಾರಣ ಹುಡುಕಿದ್ದೇನೆ, ಸಿಕ್ಕಿಲ್ಲ.

ನನ್ನ ತುಟಿ ಆಡಿತು: ಕೇಳಿತ್ತು ಅನ್ನು.

"ಕೇಳಿತ್ರೀ ಅಕ್ಕಾರ," ಎಂದ ಚನ್ನಪ್ಪ. "ನಾ ಬಿಡಲಿಲ್ಲ."

ಕಿಟಕಿಯ ಹೊರಗಿನಿಂದ ಹೇಳಿಕೊಟ್ಟ ಹಾಗೇ ಹೇಳಿದ. ಒಂದಕ್ಷರ ಹೆಚ್ಚು ಕಡಿಮೆಯಿಲ್ಲ.

ನೀವು "ಹಾಗಾದ್ರೆ ಆಯ್ತು," ಎಂದು ಫೋಟೋವನ್ನು ಮಗ್ಗದ ಮೇಲೆ ಬೋರಲು ಹಾಕಿದಿರಿ. ಬಸ್ಸಿನ ಕಿಟಕಿಯಿಂದ ನನ್ನ ಕೈಗೊಂದು ಚೀಟಿ ಕೊಟ್ಟಿರಿ, ನಿಮ್ಮ ವಿಳಾಸ ಬರೆದದ್ದು. "ಅವನಿಗೆ ಯಾವತ್ತಾದ್ರೂ ಮತ್ತೆಂತಾದ್ರೂ ಹೇಳಬೇಕು ಅನಿಸಿದ್ರೆ ಬರೀಲಿ. ಇದನ್ನ ಕೊಡು ಮಗಾ." ಮಗಾ ಎಂದಿರಿ. ನಾನು ಕೊಡಲಿಲ್ಲ. ಆರು ವರ್ಷ ಅದು ನನ್ನ ಪಾಕೀಟಿನಲ್ಲಿ, ದೇವರ ಫೋಟೋದ ಹಿಂದೆ ಇತ್ತು.

ನೌಕರಿಯಲ್ಲಿ ನನ್ನ ಕೆಲಸ ಏನು ಗೊತ್ತೇ? ನಗಬೇಡಿ — ನೀವು ನಗುವವರಲ್ಲ, ಗೊತ್ತು. ಗೇಟು ಎತ್ತುವ ಮೊದಲು ಜೀಪಿನಲ್ಲಿ ಕುಳಿತು ಮೈಕು ಹಿಡಿದು ಹೊಳೆಯ ದಂಡೆಗುಂಟ ಕೂಗುತ್ತ ಹೋಗುವುದು. "ನೀರು ಬಿಡಾಕತ್ತಾರ, ದಂಡಿ ಬಿಟ್ಟು ಮ್ಯಾಲ ಬರ್ರೀ." ದನಿಯಿರುವ ಹುಡುಗನೆಂದು ಅದನ್ನೇ ಕೊಟ್ಟರು.

ಈ ಮಳೆಗಾಲದಲ್ಲಿ ಒಂದು ಮಧ್ಯಾಹ್ನ ಹಾಗೆ ಹೋಗುತ್ತಿದ್ದಾಗ ಕೆಳಗೆ ನೀರಂಚಿನಲ್ಲಿ ಒಬ್ಬ ಮುದುಕ ನಮಗೆ ಬೆನ್ನು ಮಾಡಿ ಎಮ್ಮೆ ತೊಳೆಯುತ್ತಿದ್ದ. ಮೂರು ಸಲ ಕೂಗಿದೆ. ಕದಲಲಿಲ್ಲ.

"ಮುದುಕಗ ಸೊಕ್ಕು ನೋಡ," ಎಂದ ಜೀಪಿನ ಡ್ರೈವರ್. "ಕೇಳಿದ್ರೂ ಕೇಳದಂಗ ಮಾಡಾಕತ್ತಾನ. ಹೋಗಲಿ ಬಿಡ, ಹರ್ಕೊಂಡು ಹೋಗಲಿ."

"ಸೊಕ್ಕಲ್ಲೋ ಅದು. ಕಿವಿ ಕೇಳಂಗಿಲ್ಲ ಅವಗ," ಎಂದಿತು ನನ್ನ ಬಾಯಿ.

ಮೈಕು ಬಿಟ್ಟು ಇಳಿದು ಓಡಿದೆ. ಮಣ್ಣಿನ ಹೆಂಟೆಯೊಂದನ್ನು ಎತ್ತಿ ಅವನ ಬೆನ್ನಿಗೆ ಎಸೆದೆ. ಬಿದ್ದದ್ದೇ ತಡ, ತಿರುಗಿ ನೇರ ನನ್ನ ತುಟಿ ನೋಡಿದ. ರಬಕವಿಯ ಹಳೆಯ ನೇಕಾರ. ಎಮ್ಮೆ ಹೊಡೆದುಕೊಂಡು ಮೇಲೆ ಬಂದ, ಜೀಪಿಗೆ ಕೈ ಮುಗಿದ.

ಡ್ರೈವರ್ ಗೇರು ಹಾಕುತ್ತ ಕೇಳಿದ: "ನಿನಗ ಹೆಂಗ ಗೊತ್ತಾತೋ?"

ನನಗೆ ಹೇಗೆ ಗೊತ್ತಾಯಿತು. ನನಗೆ ಗೊತ್ತಿತ್ತು, ಅಷ್ಟೇ. ಯಾವತ್ತಿನಿಂದಲೂ ಗೊತ್ತಿತ್ತು. ಯಾರೋ ಒಬ್ಬ ಮುದುಕನಿಗಾಗಿ, ಒಂದು ಎಮ್ಮೆಗಾಗಿ, ಅದು ಅರೆಗಳಿಗೆಯಲ್ಲಿ ಬಾಯಿಗೆ ಬಂತು. ನಿಮಗಾಗಿ ಬರಲಿಲ್ಲ, ಅವನಿಗಾಗಿ ಬರಲಿಲ್ಲ.

ನಿನ್ನೆ ಬೆಳಿಗ್ಗೆ ಮಗ್ಗದ ಮನೆಗೆ ಹೋದೆ. ಹನ್ನೆರಡೂ ಬಡಿಯುತ್ತಿದ್ದವು. ಚನ್ನಪ್ಪ ಬೆನ್ನು ಮಾಡಿ ನಿಂತಿದ್ದ. ನೂಲಿನ ಉಂಡೆ ಎಸೆದೆ, ತಿರುಗಿದ. ನಾನು ತುಟಿಯಲ್ಲಿ ಹೇಳಿದೆ: ನಾಗವೇಣಕ್ಕಗ ಖರೆ ಬರ್ಯಾಕತ್ತೇನಿ. ಚೀಟಿ ಚಾಚಿದೆ.

ಅವನು ಚೀಟಿ ಓದಿದ. ಹೇಳಬೇಕು ಅನಿಸಿದರೆ ಬರೀಲಿ ಎಂದ ನಿಮ್ಮ ಮಾತನ್ನೂ ನಾನು ತುಟಿಯಲ್ಲೇ ತಿಳಿಸಿದೆ. ಅವನು ಕೈಯೆತ್ತಿ ಎಲ್ಲ ಮಗ್ಗ ನಿಲ್ಲಿಸಲು ಹೇಳಿದ. ಆ ಮನೆ ಅಷ್ಟು ಸುಮ್ಮನಾದದ್ದು ನೀವು ಬಂದ ದಿನದ ಮೇಲೆ ಅದೇ ಮೊದಲು.

"ದನಿ ಹಚ್ಚಿ ಹೇಳ," ಎಂದ. "ಬರೇ ತುಟಿಲೆ ಹೇಳಬ್ಯಾಡ. ಅಪ್ಪನ ಮುಂದ ನಿಂತು ಹೇಳ."

ಹೇಳಿದೆ. ಈರಪ್ಪ ಕಾಕಾನ ಮುಖಕ್ಕೆ ಮುಖ ಕೊಟ್ಟು, ಎಲ್ಲರೆದುರು. ಕಿಟಕಿ, ಕೆಮ್ಮು, ಆಣೆ, ನಿಮ್ಮ ಬೆನ್ನ ಹಿಂದಿನ ಮಾತು. ಯಾರ ದನಿಯೂ ನೆರವಿಗೆ ಬರಲಿಲ್ಲ. ಅದು ನನ್ನದೇ ಇರಬೇಕು, ಸಣ್ಣದಿತ್ತು, ಒಡೆದಿತ್ತು.

"ಅಂದ್ರ, ಹುಡುಗಗ ಕೇಳಿರ್ಲಿಲ್ಲ?" ಎಂದ ಕಾಕಾ.

"ಇಲ್ರೀ ಕಾಕಾ."

ಮುದುಕ ನನಗೆ ಹೊಡೆಯಲಿಲ್ಲ. ಮಗನ ಮುಂದೆ ಹೋಗಿ ನಿಂತ. ತುಟಿ ಆಡಿತು, ಅದನ್ನು ನಾನು ಓದಲಿಲ್ಲ. ಮುಖ ತಿರುಗಿಸಿದೆ.

ಇದರ ಪ್ರತಿಯನ್ನು ಆ ಪಡೆಯ ಕಚೇರಿಗೂ ನಮ್ಮ ಕಚೇರಿಗೂ ಕಳಿಸುತ್ತಿದ್ದೇನೆ. ನೌಕರಿ ಹೋದರೆ ಹೋಗಲಿ ಎನ್ನುವಷ್ಟು ಧೀರನಲ್ಲ ನಾನು; ಹೋಗದಿರಲಿ ಎಂದೇ ಒಳಗೊಂದು ದನಿ ಈಗಲೂ ಕುಯ್ಗುಡುತ್ತಿದೆ. ಆದರೂ ಕಳಿಸುತ್ತೇನೆ. ಜಗಳವಿರಲಿಲ್ಲ, ಅಕ್ಕ. ನಿಮ್ಮ ತಮ್ಮನ ಮೇಲೆ ಯಾರಿಗೂ ಸಿಟ್ಟಿರಲಿಲ್ಲ. ಅವನನ್ನು ಕೊಂದದ್ದು ಹಗ್ಗ ಹಿಡಿದವನಲ್ಲ. ಕಿಟಕಿಯ ಹೊರಗೆ ನಿಂತವನು. ಚನ್ನಪ್ಪ ನಿಮಗೆ ಬರೆಯುತ್ತಾನೋ ಇಲ್ಲವೋ ನಾನು ಕೇಳಿಲ್ಲ. ನಿಮ್ಮಿಬ್ಬರ ನಡುವೆ ಇನ್ನು ನನ್ನ ತುಟಿ ಬರಬಾರದು.

ನಿನ್ನೆ ನಾನು ಹೇಳಿ ಮುಗಿಸಿದ ಮೇಲೆ ಮಗ್ಗಗಳು ಮತ್ತೆ ಶುರುವಾದವು. ಚನ್ನಪ್ಪ ಚೀಟಿಯನ್ನು ಅಂಗಿಯ ಕಿಸೆಯಲ್ಲಿಟ್ಟು, ನನಗೆ ಬೆನ್ನು ಮಾಡಿ ಕೆಲಸಕ್ಕೆ ನಿಂತ. ಬಾಗಿಲಿಗೆ ಹೋದವನು ತಡೆಯಲಾರದೆ ಇನ್ನೊಂದು ಉಂಡೆ ಎಸೆದೆ. ನೇರ ಬೆನ್ನಿಗೆ ಬಿತ್ತು. ಬಿದ್ದದ್ದು ಅವನಿಗೆ ಗೊತ್ತಾಯಿತು, ಹೆಗಲು ಒಮ್ಮೆ ಅಲುಗಿತು.

ಅವನು ತಿರುಗಲಿಲ್ಲ.